ಧಾರವಾಡ, ನಿಮ್ಹಾನ್ಸ್, ಎರ್ರಗಡ್ಡ: ಗೋಡೆಯ ಹೊರಗೇ ಉಳಿದ ಕಾಯಿಲೆಯ ಕಥೆ

ಇವತ್ತಿನ ಮಾತು ಮೂರು ಹೆಸರುಗಳಿಂದ ಶುರುವಾಗತ್ತೆ. ಹುಬ್ಬಳ್ಳಿ, ಗದಗ, ಬೆಳಗಾವಿ ಕಡೆಯಿಂದ ಬಂದವರು ಶಾಲೆಯಲ್ಲಿದ್ದಾಗಲೇ ಕೇಳಿರ್ತೀರಿ: "ಇವನ್ನ ಧಾರವಾಡಕ್ಕ ಕಳಸಬೇಕು ನೋಡ್ರಿ." ಬೆಂಗಳೂರು, ಮೈಸೂರು ಕಡೆಯವರಿಗೆ ಅದೇ ಮಾತು "ಯಾಕೋ, ನಿಮ್ಹಾನ್ಸ್‌ಗೆ ಸೇರಿಸ್ಬೇಕೇನೋ?" ಅಂತ ಗೊತ್ತು. ಹೈದರಾಬಾದಿಗೆ ಬಂದು ಆರು ತಿಂಗಳಾದ್ರೆ ಸಾಕು, ಆಫೀಸಿನ ತೆಲುಗು ಗೆಳೆಯರಿಂದ ಮೂರನೇ ಹೆಸರೂ ಕಲಿತುಬಿಡ್ತೀವಿ: ಎರ್ರಗಡ್ಡ.

ಮೂರೂ ಆಸ್ಪತ್ರೆಗಳ ಹೆಸರು. ಆದರೆ ಯೋಚನೆ ಮಾಡಿ, "ನಿನ್ನ ಜಯದೇವಕ್ಕೆ ಸೇರಿಸ್ಬೇಕಾ?" ಅಂತ ಯಾರೂ ತಮಾಷೆ ಮಾಡಲ್ಲ. ಕಿದ್ವಾಯಿ ಹೆಸರು ಬಂದ್ರೆ ದನಿ ತಗ್ಗಿಸ್ತೀವಿ. ಮನಸ್ಸಿನ ಆಸ್ಪತ್ರೆಯ ಹೆಸರು ಮಾತ್ರ ನಮ್ಮಲ್ಲಿ ಬೈಗುಳ. ಅದು ಹೇಗಾಯ್ತು, ಮತ್ತೆ ಅದಕ್ಕೂ ರಾತ್ರಿ ಎರಡು ಗಂಟೆಗೆ ನಿದ್ದೆ ಬರದೆ ಮೊಬೈಲ್ ಉಜ್ಜುತ್ತಾ ಕೂತ ನಮ್ಮವರೊಬ್ಬರಿಗೂ ಏನು ಸಂಬಂಧ, ಅದನ್ನ ಹೇಳೋಕೆ ಈ ಮಾತು. ನನ್ನ ವಾದ ಮೊದಲೇ ಇಡ್ತೀನಿ. ಖಿನ್ನತೆ ಬಂದವರು ಡಾಕ್ಟರ ಹತ್ರ ಹೋಗದೇ ಇರೋದಕ್ಕೆ ನಾಚಿಕೆ ಒಂದೇ ಕಾರಣ ಅಲ್ಲ. ನಮ್ಮ ತಲೆಯಲ್ಲಿ "ಮಾನಸಿಕ ಕಾಯಿಲೆ" ಅಂದ್ರೆ ಒಂದು ಚಿತ್ರ ಇದೆ. ಎತ್ತರದ ಗೋಡೆ, ಕಬ್ಬಿಣದ ಗೇಟು, ಒಳಗೆ ಕೂಗಾಡೋ ಮನುಷ್ಯ. ಖಿನ್ನತೆ ಇರೋರು ಆ ಚಿತ್ರದ ಜೊತೆ ತಮ್ಮನ್ನ ಹೋಲಿಸಿ ನೋಡ್ತಾರೆ. ಹೊಂದಲ್ಲ. "ನಂಗೆ ಅಷ್ಟೇನಿಲ್ಲ ಬಿಡಿ" ಅಂತ ಸುಮ್ಮನಾಗ್ತಾರೆ. ಆ ಚಿತ್ರ ಖಿನ್ನತೆಯದ್ದೇ ಅಲ್ಲ ಅನ್ನೋದು ಇಲ್ಲಿನ ಚರಿತ್ರೆ.

ಗೋಡೆಗಳು ಎದ್ದದ್ದು 1840ರ ದಶಕದಲ್ಲಿ. ಧಾರವಾಡ ಆಗ ಮುಂಬೈ ಪ್ರಾಂತ್ಯದಲ್ಲಿತ್ತು, ಬೆಂಗಳೂರು ಬ್ರಿಟಿಷ್ ಕಮಿಷನರರ ಆಡಳಿತದಲ್ಲಿತ್ತು. ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಹೊತ್ತಿಗೆ "ಲೂನಾಟಿಕ್ ಅಸೈಲಮ್" ಶುರುವಾಯ್ತು. ಜನ ಅದನ್ನ ಹುಚ್ಚಾಸ್ಪತ್ರೆ ಅಂದ್ರು. ಆಸ್ಪತ್ರೆ ಅನ್ನೋದಕ್ಕಿಂತ ಅದು ಊರಿನ ಶಾಂತಿಗೆ ಮಾಡಿದ ಏರ್ಪಾಡು. 1858ರ ಕಾನೂನು, ಆಮೇಲೆ 1912ರ ಇಂಡಿಯನ್ ಲೂನಸಿ ಆ್ಯಕ್ಟ್, ಎರಡರ ಪ್ರಕಾರವೂ ಒಳಗೆ ಹೋಗೋ ಮುಖ್ಯ ದಾರಿ ಮ್ಯಾಜಿಸ್ಟ್ರೇಟರ ಆದೇಶ. ತಾವಾಗಿಯೇ ಬಂದು ಸೇರೋಕೆ 1912ರ ಕಾನೂನಿನಲ್ಲಿ ಒಂದು ಸಣ್ಣ ಬಾಗಿಲಿತ್ತು, ನಿಜ. ಆದ್ರೆ ರಸ್ತೆಯಲ್ಲಿ ಅಲೆಯುತ್ತಿದ್ದವರನ್ನ ಪೊಲೀಸರು ಹಿಡಿದು ತರ್ತಿದ್ದ ಜಾಗಕ್ಕೆ "ನಂಗೆ ಮೂರು ತಿಂಗಳಿಂದ ಯಾವುದೂ ಬೇಡ ಅನ್ಸತ್ತೆ" ಅಂತ ಯಾರು ತಾವಾಗಿ ಹೋಗ್ತಾರೆ?

ಗೋಡೆಯೊಳಗೆ ಯಾರು ಸೇರ್ತಿದ್ರು ಅಂದ್ರೆ ಗಲಾಟೆ ಮಾಡೋರು. ಹೊಡೆಯೋರು, ಬೆಂಕಿ ಹಚ್ಚೋರು, ಬಟ್ಟೆ ಕಿತ್ತೆಸೆಯೋರು. ಅಡುಗೆಮನೆ ಮೂಲೆಯಲ್ಲಿ ಕೂತು ಮಾತು ನಿಲ್ಲಿಸಿದ ಹೆಂಗಸು, ಹೊಲಕ್ಕೆ ಹೋಗೋದು ಬಿಟ್ಟು ಕಟ್ಟೆ ಮೇಲೆ ಮಲಗಿದ ಗಂಡಸು, ಇವರಿಂದ ಸರ್ಕಾರಕ್ಕೆ ತೊಂದರೆ ಇರಲಿಲ್ಲ. ಹಾಗಾಗಿ ಇವರು ದಾಖಲೆಗೂ ಬರಲಿಲ್ಲ. ಆ ದಾಖಲೆಗಳೂ ಎಂಥವು ನೋಡಿ. ರೋಗಿಯ ಹೆಸರಿನ ಪಕ್ಕ "ಕಾರಣ" ಅನ್ನೋ ಒಂದು ಕಾಲಂ ಇರ್ತಿತ್ತು. 1893-94ರಲ್ಲಿ ಇಂಡಿಯನ್ ಹೆಂಪ್ ಡ್ರಗ್ಸ್ ಕಮಿಷನ್ ಈ ರಿಜಿಸ್ಟರುಗಳನ್ನ ತೆಗೆಸಿ ನೋಡಿತು. ಸಾಲುಸಾಲಾಗಿ ಗಾಂಜಾ ಅಂತ ಬರೆದಿತ್ತು. ಕೆದಕಿದಾಗ ತಿಳಿದದ್ದೇನಂದ್ರೆ, ಎಷ್ಟೋ ಪ್ರಕರಣಗಳಲ್ಲಿ ವಿಚಾರಣೆಯೇ ಇಲ್ಲದೆ ಕಾಲಂ ತುಂಬಿಸಿದ್ರು. ಫಾರಂನಲ್ಲಿ ಡೀಫಾಲ್ಟ್ ಆಯ್ಕೆ ಇದ್ದ ಹಾಗೆ. ನಮ್ಮ ಟಿಕೆಟ್ ಟೂಲ್‌ನಲ್ಲಿ ರೂಟ್ ಕಾಸ್ ತುಂಬೋರಿಗೆ ಇದು ಅರ್ಥ ಆಗತ್ತೆ ಅಂದ್ಕೋತೀನಿ.

ಈ ಅರೆಬರೆ ಲೆಕ್ಕದ ಮೇಲೇ ಒಂದು ಸಿದ್ಧಾಂತ ಹುಟ್ಟಿತು. ಖಿನ್ನತೆ ಅನ್ನೋದು ನಾಗರಿಕ ಯುರೋಪಿನವರ ಕಾಯಿಲೆ, ಏಷ್ಯಾ ಆಫ್ರಿಕಾದವರಿಗೆ ಅದು ಅಪರೂಪ ಅಂತ. ವಸಾಹತು ಕಾಲದ ವೈದ್ಯರು ಹೀಗೆ ಗಂಭೀರವಾಗಿ ಬರೆದ್ರು. ಒಳಗೆ ಬಿಟ್ಟುಕೊಂಡಿದ್ದು ಕೂಗಾಡೋರನ್ನ ಮಾತ್ರ, ಆಮೇಲೆ ಒಳಗೆ ಸುಮ್ಮನೆ ಅಳೋರು ಕಾಣಿಸ್ತಿಲ್ಲ ಅಂತ ತೀರ್ಮಾನ. 1960ರ ದಶಕದಲ್ಲಿ ಮದುರೈನ ಎ. ವೆಂಕೋಬ ರಾವ್ ಅಂಥ ಮನೋವೈದ್ಯರು ಭಾರತದ ಖಿನ್ನತೆ ರೋಗಿಗಳನ್ನೇ ಕೂರಿಸಿ ಅಧ್ಯಯನ ಮಾಡಿದ ಮೇಲೆ ಈ ಮಾತು ಸಡಿಲವಾಯ್ತು. ಕಾಯಿಲೆ ಇಲ್ಲಿ ಬೇಕಾದಷ್ಟಿತ್ತು. ಆದ್ರೆ ಅದು ಬೇರೆ ವೇಷದಲ್ಲಿ ಬರ್ತಿತ್ತು. ತಲೆಭಾರ, ಎದೆ ಉರಿ, ಮೈಕೈ ನೋವು, ಹೊಟ್ಟೆ ಸರಿಯಿಲ್ಲ, ಸುಸ್ತು. ಮನಸ್ಸಿನ ಮಾತು ಕೊನೆಗೆ, ಅದೂ ಕೇಳಿದ್ರೆ ಮಾತ್ರ.

ಗೋಡೆಗೂ ಮುಂಚೆ ಇದಕ್ಕೆ ಹೆಸರೇ ಇರಲಿಲ್ವಾ? ಇತ್ತು. ಮತ್ತೆ ಆ ಹೆಸರು ಹುಡುಕೋಕೆ ಹೈದರಾಬಾದ್ ಒಳ್ಳೇ ಊರು. ನಾನು ಕೂತಿರೋದು ಹಿಮಾಯತ್‌ನಗರದಲ್ಲಿ. ಏಳನೇ ನಿಜಾಮರ ಹಿರಿಯ ಮಗ ಹಿಮಾಯತ್ ಅಲಿ ಖಾನ್ ಅವರ ಹೆಸರಿನ ಬಡಾವಣೆ. ಇಲ್ಲೇ ಉರ್ದು ಹಾಲ್ ಇದೆ. ಹಳೇ ಊರಿನ ಕಡೆ ಹೋದ್ರೆ ದಾರುಶ್ಶಿಫಾ ಅನ್ನೋ ಜಾಗ ಸಿಗತ್ತೆ, ಹೆಸರಿನ ಅರ್ಥವೇ ವಾಸಿಯಾಗೋ ಮನೆ. ಮಹಮ್ಮದ್ ಕುಲಿ ಕುತುಬ್ ಶಾ 1595ರಲ್ಲಿ ಕಟ್ಟಿಸಿದ ಆಸ್ಪತ್ರೆ ಅದು, ಯುನಾನಿ ವೈದ್ಯ ಕಲಿಸ್ತಿದ್ದ ಜಾಗವೂ ಹೌದು. ಯುನಾನಿ ಹಕೀಮರಿಗೆ ಈ ಕಾಯಿಲೆ ಚೆನ್ನಾಗಿ ಗೊತ್ತಿತ್ತು. ಅವರು ಅದನ್ನ ಮಾಲಿಖೋಲಿಯಾ ಅಂದ್ರು. ಗ್ರೀಕಿನ ಮೆಲಂಕೋಲಿಯಾ ಅರಬ್ಬಿಯ ಮೂಲಕ ಬಂದ ರೂಪ, ಅರ್ಥ ಕಪ್ಪು ಪಿತ್ತ. ಸುಮಾರು 1,000 ವರ್ಷದ ಹಿಂದೆ ಇಬ್ನ್ ಸೀನಾ ಬರೆದ ಲಕ್ಷಣಗಳಲ್ಲಿ ಕಾರಣವಿಲ್ಲದ ಭಯ, ಕೆಟ್ಟ ಯೋಚನೆ, ಒಬ್ಬರೇ ಇರಬೇಕು ಅನ್ನೋ ಹಂಬಲ ಎಲ್ಲಾ ಬರತ್ತೆ. ಕಪ್ಪು ಪಿತ್ತದ ವಿವರಣೆ ತಪ್ಪು. ನೋಡಿದ್ದು ಮಾತ್ರ ಸರಿಯಾಗಿ ನೋಡಿದ್ರು.

ಆಯುರ್ವೇದದಲ್ಲಿ ಚರಕ ವಿಷಾದವನ್ನ ರೋಗ ಹೆಚ್ಚಿಸೋ ಸಂಗತಿಗಳಲ್ಲಿ ಮೊದಲನೆಯದು ಅಂತ ಎಣಿಸಿದ್ದಾನೆ. ಇವತ್ತಿನ ಮಧುಮೇಹ, ಹೃದಯದ ಕಾಯಿಲೆಯ ಡಾಕ್ಟರೂ ಅದನ್ನ ಒಪ್ತಾರೆ. ವಿಷಾದ ಅಂದ ಕೂಡಲೇ ನಮಗೆ ಅರ್ಜುನ ನೆನಪಾಗ್ತಾನೆ, ಅಲ್ಲೇ ಒಂದು ಎಡವಟ್ಟೂ ಇದೆ. ಅರ್ಜುನನಿಗೆ ಎದುರಿಗೆ ಒಂದು ಕಾರಣ ಇತ್ತು, ಬೋಧನೆ ಆಯ್ತು, ಎದ್ದು ನಿಂತ. ಆ ಕಥೆ ಕೇಳಿ ಬೆಳೆದ ನಾವು ಸಪ್ಪಗಿರೋ ಪ್ರತಿಯೊಬ್ಬರಿಗೂ ಬೋಧನೆ ಮಾಡೋಕೆ ಹೊರಡ್ತೀವಿ. ಖಿನ್ನತೆಗೆ ಎಷ್ಟೋ ಸಲ ತೋರಿಸೋಕೆ ಕಾರಣವೇ ಇರಲ್ಲ. ಸಂಬಳ ಸರಿ ಇದೆ, ಮನೆ ಸರಿ ಇದೆ, ಆದ್ರೂ ಏಳೋಕಾಗಲ್ಲ. ಅಂಥವರಿಗೆ "ನಿಂಗೇನು ಕಮ್ಮಿ ಆಗಿದೆ?" ಅನ್ನೋ ಪ್ರಶ್ನೆಯಷ್ಟು ಕೆಟ್ಟದ್ದು ಬೇರೆ ಇಲ್ಲ, ಯಾಕಂದ್ರೆ ಅವರೇ ಅದನ್ನ ದಿನಕ್ಕೆ ನೂರು ಸಲ ಕೇಳ್ಕೊಂಡಿರ್ತಾರೆ.

ಇನ್ನು ನಮ್ಮ ಕನ್ನಡದ ಪದ. ಖಿನ್ನತೆ ಅನ್ನೋದು ಪೇಪರಿನ ಪದ. "ಅಮ್ಮಾ, ನಂಗೆ ಖಿನ್ನತೆ ಆಗಿದೆ" ಅಂತ ಫೋನಿನಲ್ಲಿ ಹೇಳಿದ ಮಗನನ್ನ ನೀವು ಕಂಡಿದ್ದೀರಾ? ಬಾಯಲ್ಲಿರೋ ಪದ ಬೇಜಾರು. ಅದೂ ಪಾರ್ಸಿಯಿಂದ ಬಂದದ್ದೇ. ಈ ಪದದ ಮೇಲೆ ನಾವು ಹೊರಿಸಿರೋ ಭಾರ ನೋಡಿ. ಕರೆಂಟ್ ಹೋದ್ರೆ ಬೇಜಾರು, ಅಜ್ಜಿ ತೀರಿಕೊಂಡ್ರೆ ಬೇಜಾರು, ಬಸ್ಸು ಕಾದು ಬೇಜಾರು, "ಬೇಜಾರು ಮಾಡ್ಕೋಬೇಡಿ" ಅಂದ್ರೆ ಕ್ಷಮೆ. ಇಷ್ಟರ ನಡುವೆ ಒಬ್ಬರು "ಯಾಕೋ ತುಂಬಾ ಬೇಜಾರು ಕಣೋ" ಅಂದ್ರೆ ಕೇಳಿದವರು "ಒಂದ್ ಸಿನಿಮಾ ನೋಡ್ಕೊಂಡು ಬಾ" ಅಂತಾರೆ. ತಪ್ಪು ಕೇಳಿದವರದ್ದೂ ಅಲ್ಲ. ಪದ ಅಷ್ಟು ಸವೆದು ಹೋಗಿದೆ. ಕಲಬುರಗಿ ಕಡೆ "ಬ್ಯಾಸರ" ಅನ್ನೋದಕ್ಕೂ ಇದೇ ಗತಿ.

ಹೆಸರು ಸಿಗದಿದ್ರೆ ಜನ ಎಲ್ಲಿಗೆ ಹೋಗ್ತಾರೆ ಅನ್ನೋದಕ್ಕೆ ನಮ್ಮ ಕರಾವಳಿಯಲ್ಲೇ ಒಳ್ಳೇ ಅಧ್ಯಯನ ಆಗಿದೆ. ಉಡುಪಿ ಹತ್ತಿರದ ಕೋಟ. ಹೌದು, ಶಿವರಾಮ ಕಾರಂತರು ಹುಟ್ಟಿದ ಊರು. 1970ರ ದಶಕದ ಆರಂಭದಲ್ಲಿ ಎಡಿನ್‌ಬರೋದ ಮಾರಿಸ್ ಕಾರ್ಸ್ಟೇರ್ಸ್ ಮತ್ತು ಭಾರತದ ಆರ್. ಎಲ್. ಕಪೂರ್ ಅನ್ನೋ ಇಬ್ಬರು ಮನೋವೈದ್ಯರು ಅಲ್ಲಿ ಮನೆಮನೆಗೆ ಹೋಗಿ ಬ್ರಾಹ್ಮಣ, ಬಂಟ, ಮೊಗವೀರ ಕುಟುಂಬಗಳನ್ನ ಮಾತಾಡಿಸಿದ್ರು. 1976ರಲ್ಲಿ "ದಿ ಗ್ರೇಟ್ ಯೂನಿವರ್ಸ್ ಆಫ್ ಕೋಟ" ಅನ್ನೋ ಪುಸ್ತಕ ಬಂತು. ನನಗೆ ಅದರಲ್ಲಿ ಮುಖ್ಯ ಅನ್ಸೋದು ಎರಡು ವಿಷಯ. ಒಂದು, ಆಸ್ಪತ್ರೆಗೆ ಬಂದವರನ್ನ ಎಣಿಸೋ ಬದಲು ಅವರು ಊರನ್ನೇ ಎಣಿಸಿದ್ರು. ಗೋಡೆಯ ಹೊರಗಿನ ನೋವು ಅಲ್ಲಿ ಲೆಕ್ಕಕ್ಕೆ ಬಂತು. ಎರಡು, ಲಕ್ಷಣ ಇದ್ದವರು ಯಾರ ಹತ್ರ ಹೋಗ್ತಿದ್ರು ಅಂತ ಕೇಳಿದ್ರು. ಮದ್ದು ಕೊಡೋ ವೈದ್ಯರು, ಮಂತ್ರವಾದಿ, ದರ್ಶನ ಬರೋ ಪಾತ್ರಿ, ಜೊತೆಗೆ ಇಂಗ್ಲಿಷ್ ಡಾಕ್ಟರು. ಒಂದೇ ಮನೆಯವರು ಎಲ್ಲರ ಹತ್ರಾನೂ ಹೋಗ್ತಿದ್ರು, ಅದರಲ್ಲಿ ಅವರಿಗೆ ವಿರೋಧವೇ ಕಾಣ್ತಿರಲಿಲ್ಲ. ಅಂದ್ರೆ ನಮ್ಮ ಜನ ಸಹಾಯ ಕೇಳಲ್ಲ ಅನ್ನೋದು ಸುಳ್ಳು. ಕೇಳ್ತಾರೆ, ಅವರಿಗೆ ಅರ್ಥ ಆಗೋ ಭಾಷೆಯಲ್ಲಿ ಉತ್ತರ ಕೊಡೋರ ಹತ್ರ ಕೇಳ್ತಾರೆ.

ಆ ಭಾಷೆ ಕನ್ನಡದಲ್ಲಿ ಕಟ್ಟಿದವರನ್ನ ನೆನೆಯದೆ ಮುಂದೆ ಹೋಗಲಾರೆ. ರಾಶಿ ಅಂತ ಹೆಸರಾದ ಡಾ. ಎಂ. ಶಿವರಾಂ, 1942ರಲ್ಲಿ "ಕೊರವಂಜಿ" ಶುರು ಮಾಡಿ ಕನ್ನಡಿಗರನ್ನ ನಗಿಸಿದವರು. ಅದೇ ಮನುಷ್ಯ ಮನಸ್ಸಿನ ಕಾಯಿಲೆಗಳ ಬಗ್ಗೆ ಬರೆದ "ಮನಮಂಥನ" ಪುಸ್ತಕಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕೋಟದ ಪುಸ್ತಕ ಬಂದ ವರ್ಷವೇ. ಕಥೆ, ಕವಿತೆ, ಕಾದಂಬರಿಗೆ ಸಿಗೋ ಪ್ರಶಸ್ತಿ ಒಂದು ಮನೋವೈದ್ಯದ ಪುಸ್ತಕಕ್ಕೆ! ಆಮೇಲೆ ನಿಮ್ಹಾನ್ಸ್‌ನ ಡಾ. ಸಿ. ಆರ್. ಚಂದ್ರಶೇಖರ್ ಪತ್ರಿಕೆಗಳಲ್ಲಿ, ಪುಟ್ಟ ಪುಟ್ಟ ಪುಸ್ತಕಗಳಲ್ಲಿ ದಶಕಗಟ್ಟಲೆ ಬರೆದ್ರು. ನಮ್ಮಲ್ಲಿ ಎಷ್ಟೋ ಮನೆಗಳ ಕಪಾಟಿನಲ್ಲಿ ಅವರ ಒಂದು ಪುಸ್ತಕ ಇದ್ದೇ ಇರತ್ತೆ, ತೆಗೆದು ಓದಿರೋದು ಬೇರೆ ಮಾತು.

ಈಗ ಔಷಧಿಯ ಕಥೆ. ಇದರಲ್ಲಿ ನಮ್ಮ ನೆಲದ ಒಂದು ಬೇರಿದೆ: ಸರ್ಪಗಂಧ. 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಇದು ರಕ್ತದೊತ್ತಡಕ್ಕೂ ಮನಸ್ಸಿನ ಕಾಯಿಲೆಗೂ ಕೆಲಸ ಮಾಡತ್ತೆ ಅಂತ ಬರೆದ್ರು. 1949ರಲ್ಲಿ ಮುಂಬೈನ ರುಸ್ತಂ ಜಾಲ್ ವಕೀಲ್ ಬ್ರಿಟನ್ನಿನ ಹೃದಯ ಪತ್ರಿಕೆಯಲ್ಲಿ ಬರೆದ ಮೇಲೆ ಜಗತ್ತು ತಿರುಗಿ ನೋಡಿತು. 1952ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಬೇರಿನಿಂದ ರಿಸರ್ಪೀನ್ ಬೇರ್ಪಡಿಸಿದ್ರು. ಬಿಪಿಗೆ ಅದನ್ನ ತಗೊಂಡ ಕೆಲವರು ಮಂಕಾಗಿ ಹೋದ್ರು, ಬದುಕೇ ಬೇಡ ಅನ್ನೋಕೆ ಶುರು ಮಾಡಿದ್ರು. ಅದೇ ವರ್ಷ ನ್ಯೂಯಾರ್ಕಿನ ಸೀ ವ್ಯೂ ಆಸ್ಪತ್ರೆಯಲ್ಲಿ ಉಲ್ಟಾ ನಡೀತು. ಕ್ಷಯಕ್ಕೆ ಐಪ್ರೋನಿಯಜಿಡ್ ಅನ್ನೋ ಹೊಸ ಮಾತ್ರೆ ಕೊಟ್ರೆ ರೋಗಿಗಳು ಲವಲವಿಕೆಯಿಂದ ಓಡಾಡೋಕೆ ಶುರು ಮಾಡಿದ್ರು. ಒಂದು ಮಾತ್ರೆ ಮನಸ್ಸನ್ನ ಕೆಳಗಿಳಿಸತ್ತೆ, ಇನ್ನೊಂದು ಮೇಲೆತ್ತತ್ತೆ. ಹಾಗಾದ್ರೆ ಮೆದುಳಿನ ರಾಸಾಯನಿಕಗಳ ಜೊತೆ ಇದಕ್ಕೇನೋ ನಂಟಿದೆ ಅನ್ನೋ ಊಹೆ ಹುಟ್ಟಿದ್ದು ಇಲ್ಲಿ. 1957ರಲ್ಲಿ ಸ್ವಿಸ್ ವೈದ್ಯ ರೋಲಾಂಡ್ ಕೂನ್ ಇಮಿಪ್ರಮೀನ್ ಖಿನ್ನತೆಗೆ ಕೆಲಸ ಮಾಡತ್ತೆ ಅಂತ ಪ್ರಕಟಿಸಿದ. 1987ರಲ್ಲಿ ಅಮೆರಿಕದಲ್ಲಿ ಫ್ಲುಆಕ್ಸೆಟಿನ್‌ಗೆ ಒಪ್ಪಿಗೆ ಸಿಕ್ಕಿತು.

ಇಲ್ಲೊಂದು ಮಾತು. "ಸೆರೊಟೊನಿನ್ ಕಮ್ಮಿಯಾದ್ರೆ ಖಿನ್ನತೆ, ಮಾತ್ರೆ ಅದನ್ನ ತುಂಬತ್ತೆ" ಅನ್ನೋ ರೀಲ್ಸ್ ವಿವರಣೆ ಅತಿ ಸರಳ. 2022ರಲ್ಲಿ ಬಂದ ಒಂದು ದೊಡ್ಡ ಪರಿಶೀಲನೆ ಅದಕ್ಕೆ ಗಟ್ಟಿ ಆಧಾರ ಇಲ್ಲ ಅಂತ ಹೇಳಿ ಸುದ್ದಿಯಾಯ್ತು. ಕೂಡಲೇ "ಮಾತ್ರೆಗಳೇ ಮೋಸ" ಅನ್ನೋರು ಎದ್ರು. ಎರಡೂ ಬೇರೆ ಬೇರೆ ಪ್ರಶ್ನೆ. 2018ರಲ್ಲಿ ಲ್ಯಾನ್ಸೆಟ್‌ನಲ್ಲಿ 21 ಔಷಧಿಗಳನ್ನ ಹೋಲಿಸಿ ನೋಡಿದಾಗ ಎಲ್ಲವೂ ಉತ್ತುತ್ತು ಮಾತ್ರೆಗಿಂತ ಹೆಚ್ಚು ಕೆಲಸ ಮಾಡಿದ್ವು. ಹೇಗೆ ಕೆಲಸ ಮಾಡತ್ತೆ ಅನ್ನೋದು ಪೂರ್ತಿ ಗೊತ್ತಿಲ್ಲ ಅಂದ್ರೆ ಕೆಲಸ ಮಾಡಲ್ಲ ಅಂತ ಅರ್ಥ ಅಲ್ಲ. ಎಲ್ಲರಿಗೂ ಮಾತ್ರೆಯೇ ಬೇಕು ಅಂತಲೂ ಅಲ್ಲ. ಗೋವಾದಲ್ಲಿ ವಿಕ್ರಂ ಪಟೇಲ್ ಮತ್ತು ಸಂಗಡಿಗರು ಡಾಕ್ಟರಲ್ಲದ ಸ್ಥಳೀಯ ಸಲಹೆಗಾರರಿಗೆ ತರಬೇತಿ ಕೊಟ್ಟು, ಆರೆಂಟು ಭೇಟಿಗಳ ಮಾತಿನ ಚಿಕಿತ್ಸೆಯಿಂದಲೇ ತೀವ್ರ ಖಿನ್ನತೆಯ ಎಷ್ಟೋ ಜನ ಚೇತರಿಸಿಕೊಳ್ಳೋದನ್ನ ತೋರಿಸಿದ್ರು. ಬಿಟ್ಟುಹೋದ ಸಣ್ಣ ಸಣ್ಣ ಕೆಲಸಗಳನ್ನ ದಿನಕ್ಕೊಂದರಂತೆ ಮತ್ತೆ ಹಿಡಿಸೋದು ಅದರ ತಿರುಳು. 2017ರ ಲ್ಯಾನ್ಸೆಟ್‌ನಲ್ಲಿ ಅದು ಬಂತು.

ಔಷಧಿ ಬಂದ ಕಾಲಕ್ಕೆ ಗೋಡೆಯೂ ಸಡಿಲವಾಗ್ತಾ ಬಂತು. ಮೈಸೂರು ಸರ್ಕಾರ 1925ರಲ್ಲೇ ಅಸೈಲಮ್ ಅನ್ನೋ ಹೆಸರು ತೆಗೆದು ಮೆಂಟಲ್ ಹಾಸ್ಪಿಟಲ್ ಅಂದಿತ್ತು. 1954ರಲ್ಲಿ ಅದರ ಜೊತೆಗೇ ಆಲ್ ಇಂಡಿಯಾ ಇನ್‌ಸ್ಟಿಟ್ಯೂಟ್ ಆಫ್ ಮೆಂಟಲ್ ಹೆಲ್ತ್ ಶುರುವಾಯ್ತು, ಡಾ. ಎಂ. ವಿ. ಗೋವಿಂದಸ್ವಾಮಿ ಅದರ ನಿರ್ದೇಶಕರು. 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯ್ತು. ಹೈದರಾಬಾದಿನಲ್ಲಿ, ನಿಜಾಮರ ಕಾಲದಲ್ಲಿ ಜಾಲ್ನಾದಲ್ಲಿದ್ದ ಆಸ್ಪತ್ರೆ 1950ರ ದಶಕದಲ್ಲಿ ಎರ್ರಗಡ್ಡಕ್ಕೆ ಬಂತು. ಜಾಲ್ನಾ ಈಗ ಮಹಾರಾಷ್ಟ್ರ. ಆಗ ಬೀದರ, ಕಲಬುರಗಿ, ರಾಯಚೂರು, ಜಾಲ್ನಾ ಎಲ್ಲಾ ಒಂದೇ ಸಂಸ್ಥಾನ.

ಕೋಟದ ಕಪೂರ್ ಅವರೇ 1975ರಲ್ಲಿ ನಿಮ್ಹಾನ್ಸ್‌ಗೆ ಬಂದ್ರು. ಬನ್ನೇರುಘಟ್ಟದ ಹತ್ತಿರದ ಸಕಲವಾರದಲ್ಲಿ ಒಂದು ಕೇಂದ್ರ ಶುರುವಾಯ್ತು. ಅಲ್ಲಿ ಕೇಳಿಕೊಂಡ ಪ್ರಶ್ನೆ ಸರಳ: ಮನೋವೈದ್ಯರು ಬೆರಳೆಣಿಕೆಯಷ್ಟು ಇರುವಾಗ, ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೂ ಮನೆಮನೆಗೆ ಹೋಗೋ ಆರೋಗ್ಯ ಕಾರ್ಯಕರ್ತರಿಗೂ ಇದನ್ನ ಗುರುತಿಸೋದು ಕಲಿಸಬಹುದಾ? ಕಲಿಸಬಹುದು ಅಂತ ಕಂಡಮೇಲೆ 1985ರಲ್ಲಿ ಇಡೀ ಬಳ್ಳಾರಿ ಜಿಲ್ಲೆಗೆ ಅದನ್ನ ಒಯ್ದರು. ಪಿಎಚ್‌ಸಿ ಡಾಕ್ಟರಿಗೆ ತರಬೇತಿ, ಕಾರ್ಯಕರ್ತರಿಗೆ ತರಬೇತಿ, ಔಷಧಿ ಪೂರೈಕೆ, ಸರಳವಾದ ಒಂದು ದಾಖಲೆ ಪದ್ಧತಿ. ಸಂಡೂರಿನವರೋ ಕೂಡ್ಲಿಗಿಯವರೋ ಬೆಂಗಳೂರಿನ ಗೇಟು ದಾಟಬೇಕಾಗಿರಲಿಲ್ಲ, ಜ್ವರಕ್ಕೆ ಹೋಗೋ ಬಾಗಿಲಿಗೇ ಹೋದ್ರೆ ಆಯ್ತು. 1996ರಲ್ಲಿ ದೇಶಕ್ಕೆಲ್ಲ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂದಾಗ ಅದಕ್ಕೆ ಮಾದರಿ ಈ ಬಳ್ಳಾರಿಯೇ. ಬಳ್ಳಾರಿ ಅಂದ್ರೆ ಗಣಿ, ಬಿಸಿಲು ಅಂತ ಮಾತ್ರ ಗೊತ್ತಿದ್ದವರು ಇದನ್ನೂ ಸೇರಿಸ್ಕೊಳ್ಳಿ.

ಆದ್ರೆ ಅಲ್ಲೂ ಮೊದಲ ಗಮನ ಹೋದದ್ದು ಮೂರ್ಛೆರೋಗಕ್ಕೆ ಮತ್ತು ಕಣ್ಣಿಗೆ ಎದ್ದು ಕಾಣೋ ತೀವ್ರ ಮಾನಸಿಕ ಕಾಯಿಲೆಗಳಿಗೆ. ಅದಕ್ಕೆ ಕಾರಣವೂ ಇತ್ತು, ಆ ರೋಗಿಗಳ ಸ್ಥಿತಿ ಘೋರವಾಗಿತ್ತು. ಸದ್ದಿಲ್ಲದ ಖಿನ್ನತೆ ಮತ್ತೆ ಸಾಲಿನ ಕೊನೆಗೆ ನಿಂತಿತು. 2015-16ರಲ್ಲಿ ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಪ್ರಕಾರ ಸುಮಾರು 20 ವಯಸ್ಕರಲ್ಲಿ ಒಬ್ಬರಿಗೆ ಜೀವನದ ಯಾವುದೋ ಹಂತದಲ್ಲಿ ಖಿನ್ನತೆ ಬಂದಿರತ್ತೆ. ಮಹಾನಗರಗಳಲ್ಲಿ ಇನ್ನೂ ಹೆಚ್ಚು. ಖಿನ್ನತೆ, ಆತಂಕದಂಥ ಸಾಮಾನ್ಯ ಮಾನಸಿಕ ಕಾಯಿಲೆ ಇರೋ 100 ಜನರಲ್ಲಿ ಸುಮಾರು 85 ಜನಕ್ಕೆ ಚಿಕಿತ್ಸೆ ತಲುಪಿಲ್ಲ.

ನೂರರಲ್ಲಿ ಎಂಬತ್ತೈದು. ಇದರಲ್ಲಿ ಓದಿದವರು, ಇನ್ಶೂರೆನ್ಸ್ ಇರೋರು, ಗೂಗಲ್ ಮಾಡೋಕೆ ಬರೋರೂ ಇದ್ದಾರೆ.

ಊರು ಬಿಟ್ಟವರಿಗೆ ಹತ್ತಿರ ಅನ್ನಿಸೋ ಒಂದು ಪ್ರಸಂಗ ಇದೆ, ಸಾರ್ವಜನಿಕವಾಗಿ ಅವರೇ ಹೇಳಿಕೊಂಡದ್ದು. ಬೆಂಗಳೂರಿನಲ್ಲಿ ಬೆಳೆದ ದೀಪಿಕಾ ಪಡುಕೋಣೆಗೆ 2014ರಲ್ಲಿ ಮುಂಬೈಯಲ್ಲಿ ಖಿನ್ನತೆ ಬಂತು. ಸಿನಿಮಾಗಳು ಗೆಲ್ತಿದ್ದ ಕಾಲ. ಹೊಟ್ಟೆಯೊಳಗೆ ಟೊಳ್ಳು, ಏಳೋಕೆ ಮನಸ್ಸಿಲ್ಲ, ಸುಮ್ಮಸುಮ್ಮನೆ ಅಳು. ತಂದೆತಾಯಿ ಬೆಂಗಳೂರಿಂದ ಬಂದು ಜೊತೆಗಿದ್ದು ಹೊರಡೋ ಹೊತ್ತಿಗೆ ಮಗಳು ಅತ್ತದ್ದನ್ನ ನೋಡಿ, ಇದು ಕೆಲಸದ್ದೋ ಜಗಳದ್ದೋ ಅಳು ಅಲ್ಲ ಅಂತ ಗುರುತಿಸಿದ್ದು ತಾಯಿ. ವೈದ್ಯರನ್ನ ನೋಡಬೇಕು ಅಂದದ್ದೂ ಅವರೇ. 2015ರಲ್ಲಿ ದೀಪಿಕಾ ಇದನ್ನ ಬಹಿರಂಗವಾಗಿ ಹೇಳಿ ಒಂದು ಪ್ರತಿಷ್ಠಾನವನ್ನೂ ಕಟ್ಟಿದ್ರು. ತಾರೆಯ ಕಥೆ ಅಂತ ತಳ್ಳಿಹಾಕಬೇಡಿ. ಇಲ್ಲಿ ಗಮನಿಸಬೇಕಾದದ್ದು ತಾಯಿ ಅಲ್ಲಿಗೆ ಬಂದಿದ್ರು ಅನ್ನೋದು. ನಾವು ಅಮ್ಮನಿಗೆ ಕಾಣಿಸೋದು ವಾಟ್ಸಾಪ್ ವಿಡಿಯೊದಲ್ಲಿ ಐದು ನಿಮಿಷ. "ಊಟ ಆಯ್ತಾ?" "ಹ್ಞೂ ಆಯ್ತು." ಆ ಐದು ನಿಮಿಷ ನಗೋದು ಯಾರಿಗೂ ಕಷ್ಟ ಅಲ್ಲ. ಊರಿನಲ್ಲಿದ್ದಿದ್ರೆ ಪಕ್ಕದ ಮನೆಯವರಿಗೆ ನಾಲ್ಕೇ ದಿನದಲ್ಲಿ ಗೊತ್ತಾಗ್ತಿತ್ತು, ಬೇಡ ಅಂದ್ರೂ ಬಂದು ಕೇಳ್ತಿದ್ರು. ಇಲ್ಲಿ ಪಿಜಿ ರೂಮಿನ ಬಾಗಿಲು ಹಾಕಿದ್ರೆ ಮುಗೀತು. ಹಾಗಾಗಿ ಗುರುತಿಸೋ ಕೆಲಸ ನಮ್ಮ ಮೇಲೆ, ನಮ್ಮ ರೂಮ್‌ಮೇಟ್ ಮೇಲೆ ಬೀಳತ್ತೆ.

ಏನು ನೋಡಬೇಕು? ಡಾಕ್ಟರರು ಹಾಕೋ ಗೆರೆ ಎರಡು ವಾರ. ಹೆಚ್ಚುಕಡಿಮೆ ಪ್ರತಿದಿನ, ದಿನದ ಬಹುಪಾಲು ಮನಸ್ಸು ಕುಗ್ಗಿರೋದು, ಅಥವಾ ಮೊದಲು ಇಷ್ಟಪಡ್ತಿದ್ದ ಯಾವುದರಲ್ಲೂ ರುಚಿ ಇಲ್ಲದಿರೋದು. ಎರಡರಲ್ಲಿ ಒಂದು ಇರಲೇಬೇಕು. ಜೊತೆಗೆ ನಿದ್ದೆ ಕೆಡೋದು ಅಥವಾ ಸದಾ ನಿದ್ದೆ, ಹಸಿವಿನ ಏರುಪೇರು, ಸುಸ್ತು, ನಾನು ಯಾತಕ್ಕೂ ಬಾರದವನು ಅನ್ನಿಸೋದು, ಗಮನ ನಿಲ್ಲದಿರೋದು, ಮಾತು ನಡಿಗೆ ನಿಧಾನವಾಗೋದು ಅಥವಾ ಚಡಪಡಿಕೆ, ಸಾವಿನ ಯೋಚನೆ. ನಮ್ಮ ಬದುಕಿನಲ್ಲಿ ಇದು ಹೇಗೆ ಕಾಣತ್ತೆ? ಹತ್ತು ನಿಮಿಷದ ಕೋಡ್ ರಿವ್ಯೂಗೆ ಮೂರು ಗಂಟೆ. ಸ್ಟ್ಯಾಂಡಪ್‌ನಲ್ಲಿ ಕ್ಯಾಮೆರಾ ಆಫ್, "ಸೇಮ್ ಆ್ಯಸ್ ಯೆಸ್ಟರ್‌ಡೇ." ಶನಿವಾರ ತಪ್ಪದೇ ಆಡ್ತಿದ್ದ ಬ್ಯಾಡ್ಮಿಂಟನ್ ನಿಂತುಹೋಗಿರತ್ತೆ. ಬಟ್ಟೆ ಒಗೆಯದೆ ರಾಶಿ ಬಿದ್ದಿರತ್ತೆ. ಅಣ್ಣನ ಫೋನ್ ಬಂದ್ರೆ ಎತ್ತದೆ ನೋಡ್ತಾ ಕೂರೋದು. ಇದಕ್ಕೆಲ್ಲ ಅವರೇ ಕೊಟ್ಕೊಳ್ಳೋ ಹೆಸರು ಸೋಮಾರಿತನ. ಪಿಎಚ್‌ಕ್ಯೂ-9 ಅನ್ನೋ ಒಂಬತ್ತು ಪ್ರಶ್ನೆಗಳ ಪಟ್ಟಿ ಇದೆ, ಒಟ್ಟು 27 ಅಂಕ. 10 ಅಥವಾ ಹೆಚ್ಚು ಬಂದ್ರೆ ಡಾಕ್ಟರನ್ನ ನೋಡಬೇಕು. ಅದು ಬರೀ ಜರಡಿ, ತೀರ್ಪು ಕೊಡೋದು ಡಾಕ್ಟರೇ.

ಮೊದಲ ಭೇಟಿಯಲ್ಲಿ ಏನಾಗತ್ತೆ ಅನ್ನೋ ಭಯ ತುಂಬಾ ಜನಕ್ಕಿದೆ. ಹಗ್ಗ ಇಲ್ಲ, ಬೀಗ ಇಲ್ಲ. ಕುರ್ಚಿ, ಮೇಜು, ಪ್ರಶ್ನೆಗಳು. ಥೈರಾಯ್ಡ್, ಬಿ12, ರಕ್ತಹೀನತೆ ಪರೀಕ್ಷೆ ಬರೆಯಬಹುದು, ಅವುಗಳಿಂದಲೂ ಇದೇ ಥರ ಸುಸ್ತು, ಮಂಕು ಬರತ್ತೆ. "ಯಾವತ್ತಾದ್ರೂ ನಿದ್ದೆಯೇ ಬೇಡ ಅನ್ನೋಷ್ಟು ಹುರುಪು ದಿನಗಟ್ಟಲೆ ಇತ್ತಾ?" ಅಂತ ಕೇಳಬಹುದು. ಇದ್ರೆ ಹೇಳಿ, ಯಾಕಂದ್ರೆ ಬೈಪೋಲಾರ್ ಕಾಯಿಲೆಗೆ ಚಿಕಿತ್ಸೆಯೇ ಬೇರೆ. ಭಾಷೆಯ ಚಿಂತೆ ಬೇಡ. 2020ರ ಟೆಲಿಮೆಡಿಸಿನ್ ಮಾರ್ಗಸೂಚಿ ಬಂದ ಮೇಲೆ ಕರ್ನಾಟಕದ ಮನೋವೈದ್ಯರನ್ನೇ ವಿಡಿಯೊದಲ್ಲಿ ಕನ್ನಡದಲ್ಲಿ ಮಾತಾಡಿಸಬಹುದು. ಖರ್ಚು ಕಷ್ಟ ಅನ್ನೋರಿಗೆ ಎರ್ರಗಡ್ಡದ ಸರ್ಕಾರಿ ಆಸ್ಪತ್ರೆಯಲ್ಲಿ ಹೊರರೋಗಿ ವಿಭಾಗ ಇದೆ. ನಾರಾಯಣಗುಡದಲ್ಲಿ ಮೆಟ್ರೊ ಹತ್ತಿ, ಎಂಜಿಬಿಎಸ್‌ನಲ್ಲಿ ಮಿಯಾಪುರದ ರೈಲಿಗೆ ಬದಲಾಯಿಸಿದ್ರೆ ಆಸ್ಪತ್ರೆಯ ಹೆಸರಿನದೇ ಸ್ಟೇಷನ್.

ಆಫೀಸಿಗೆ ಗೊತ್ತಾದ್ರೆ? 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2018ರಲ್ಲಿ ಜಾರಿಗೆ ಬಂದದ್ದು, ನಿಮ್ಮ ಕಾಯಿಲೆಯ ಮಾಹಿತಿ ಗುಟ್ಟಾಗಿರೋದನ್ನ ನಿಮ್ಮ ಹಕ್ಕು ಅಂತ ಹೇಳತ್ತೆ. ವಿಮೆ ಕಂಪನಿಗಳು ದೇಹದ ಕಾಯಿಲೆಯ ಹಾಗೇ ಇದನ್ನೂ ನೋಡಬೇಕು ಅಂತಲೂ ಹೇಳತ್ತೆ, ಆದ್ರೆ ನಮ್ಮ ಪಾಲಿಸಿಗಳು ಹೆಚ್ಚಾಗಿ ಒಪಿಡಿ ಖರ್ಚು ಕೊಡಲ್ಲ, ನಿಮ್ಮದನ್ನ ಓದಿ ನೋಡಿ. ಅದೇ ಕಾಯ್ದೆ, ಆತ್ಮಹತ್ಯೆಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ರು ಅಂತಲೇ ಭಾವಿಸಬೇಕು, ಶಿಕ್ಷಿಸಬಾರದು ಅಂತ ಹೇಳತ್ತೆ. ಪೊಲೀಸ್ ಕೇಸಿನ ಹೆದರಿಕೆಗೆ ಯಾರನ್ನೂ ಆಸ್ಪತ್ರೆಗೆ ಒಯ್ಯದೆ ಇರಬೇಡಿ. ಸಾಯೋ ಯೋಚನೆ ನಿಮಗೇ ಬರ್ತಿದ್ರೆ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ, ಯಾರನ್ನಾದ್ರೂ ಜೊತೆಗೆ ಕರ್ಕೊಂಡು ಹತ್ತಿರದ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ. 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದ್ರೂ ಕರೆ ಮಾಡಬಹುದು. ಅದು ಟೆಲಿ ಮಾನಸ್, 2022ರ ಅಕ್ಟೋಬರ್ 10ರಂದು ಶುರುವಾದ ಉಚಿತ ಸೇವೆ. ಭಾಷೆ ಆರಿಸ್ಕೊಳ್ಳೋ ಅವಕಾಶ ಇದೆ, ಕನ್ನಡವೂ ಇದೆ.

ಕೊನೆಗೆ ಮಾತ್ರೆ ಶುರು ಮಾಡಿದವರಿಗೆ. ಮೊದಲ ವಾರ ಹೊಟ್ಟೆ ತೊಳಸೋದು, ತಲೆನೋವು ಬರಬಹುದು. ಗುಣ ಕಾಣೋಕೆ ಎರಡರಿಂದ ನಾಲ್ಕು ವಾರ ಬೇಕು. ಅಂದ್ರೆ ತೊಂದರೆ ಮೊದಲು, ಲಾಭ ಆಮೇಲೆ. ಹತ್ತನೇ ದಿನಕ್ಕೆ "ಇದು ನಂಗಾಗಲ್ಲ" ಅಂತ ನಿಲ್ಲಿಸೋರು ತುಂಬಾ ಜನ. ನಿಲ್ಲಿಸೋ ಮುಂಚೆ ಬರೆದುಕೊಟ್ಟ ಡಾಕ್ಟರಿಗೆ ಒಂದು ಫೋನ್ ಮಾಡಿ, ಡೋಸ್ ಅಥವಾ ಮಾತ್ರೆ ಬದಲಾಯಿಸೋಕೆ ಅವರಿಗೆ ಬೇರೆ ದಾರಿಗಳಿವೆ. ಇವು ಚಟ ಹಿಡಿಸೋ ಮಾತ್ರೆಗಳಲ್ಲ. ಆದ್ರೆ ಗುಣ ಕಂಡ ಮೇಲೂ ಸಾಮಾನ್ಯವಾಗಿ ಆರರಿಂದ ಒಂಬತ್ತು ತಿಂಗಳು ಮುಂದುವರಿಸ್ತಾರೆ, ಬಿಡುವಾಗಲೂ ಒಮ್ಮೆಲೇ ಬಿಡದೆ ಸ್ವಲ್ಪ ಸ್ವಲ್ಪವಾಗಿ ಇಳಿಸ್ತಾರೆ. ಊರಿಗೆ ಹಬ್ಬಕ್ಕೆ ಹೋಗುವಾಗ ಸ್ಟ್ರಿಪ್ ಬ್ಯಾಗಿನಲ್ಲಿರಲಿ.